ನಮ್ಮೂರ ನಲ್ಲಿಗೆ ತುಂಗಭದ್ರೆ ಬರುವ ಮುಂಚೆ ನೀವು ಬನ್ನಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ತುಮಕೂರು ವಿಶ್ವವಿದ್ಯಾಲಯದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಮಸ್ಕಾರ. ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ನಾನು. ನಿಮ್ಮ ಮೂವರಿಗೂ ಒಂದೇ ಪತ್ರ ಯಾಕೆ ಬರೆದೆ ಅನ್ನುವುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಕಳೆದ ತಿಂಗಳು ನಮ್ಮ ಚಿಕ್ಕಮ್ಮನ ಮುಂದೆ ನೆಲದ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು, ‘ಮಂಡಿ ಮಡಚದೆ ಎತ್ಕೊ ಚಿಕ್ಕಮ್ಮ’ ಅಂದೆ. ಬಗ್ಗಲು ನೋಡಿದರು. ಬೆನ್ನಿಗೆ ಹಲಗೆ ಕಟ್ಟಿದ ಹಾಗೆ ಸೊಂಟದ ಹತ್ತಿರ ಮೈ ನಿಂತುಬಿಟ್ಟಿತು. ಕೊನೆಗೆ ಒಂದು ಕೈಯಲ್ಲಿ ಗೋಡೆ ಹಿಡಿದು, ಎರಡೂ ಮಂಡಿ ನೆಲಕ್ಕೂರಿ, ನಾಣ್ಯ ತೆಗೆದು ನನ್ನ ಕೈಗೆ ಕೊಟ್ಟು, ‘ಇದೇನೋ ಆಟ ನಿಂದು?’ ಎಂದರು. ಅದು ಆಟವಲ್ಲ. ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ತೋಳು ಚಾಚಿ ಮಡಚಿ ಬೆರಳನ್ನು ತಲೆಯ ಹಿಂದಕ್ಕೆ ಮುಟ್ಟಿಸುವುದು, ಈ ಮೂರು ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಡಿಸುವ ಕಾಯಿಲೆ, ಇರಬಹುದೇ ಎಂದು ಮೊದಲ ನೋಟಕ್ಕೆ ಅಂದಾಜು ಮಾಡುವ ಪರೀಕ್ಷೆಗಳು. ಬೆನ್ನು ಹಿಡಿದವರಿಗೆಲ್ಲ ಫ್ಲೋರೋಸಿಸ್ ಎಂದು ನಾನು ಹೇಳುವುದಿಲ್ಲ. ಎಕ್ಸ್‌ರೇ ಬೇಕು, ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಬೇಕು. ಚಿಕ್ಕಮ್ಮನಿಗೆ ಇವತ್ತಿನವರೆಗೆ ಯಾರೂ ಅವೆರಡನ್ನೂ ಮಾಡಿಸಿಲ್ಲ. ನೋವಿನ ಮಾತ್ರೆ ಕೊಟ್ಟಿದ್ದಾರೆ, ವಯಸ್ಸಾಯಿತು ಎಂದಿದ್ದಾರೆ.

ಹಾಗೆಂದು ನಮ್ಮೂರಿಗೆ ಸಂಶೋಧಕರು ಬಂದಿಲ್ಲ ಎಂದುಕೊಳ್ಳಬೇಡಿ. ಬಂದಿದ್ದಾರೆ, ಬರುತ್ತಲೇ ಇದ್ದಾರೆ. ಯಾವ ಕಾಲೇಜಿನವರು, ಯಾವ ಊರಿನವರು ಎಂದು ಇಲ್ಲಿ ಹೇಳುವುದಿಲ್ಲ, ಒಬ್ಬರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ವರ್ಷ ಇಬ್ಬರು ಹುಡುಗರು ಬಿಳಿ ಪ್ಲಾಸ್ಟಿಕ್ ಬಾಟಲಿ ತುಂಬಿದ ಚೀಲ ಹೊತ್ತು ಬಂದರು. ಊರಿನ ಎಲ್ಲ ಬೋರುಗಳ ನೀರು ಹಿಡಿದು, ಬಾಟಲಿಗೆ ನಂಬರ್ ಅಂಟಿಸಿಕೊಂಡು ಹೋದರು. ನಮ್ಮ ಶಾಲೆಯ ಬೋರಿನ ನೀರು ಹಿಡಿಯುವಾಗ ನಾನೇ ಪಂಪಿನ ಸ್ವಿಚ್ ಹಾಕಿದ್ದೆ. ಇನ್ನೊಂದು ವರ್ಷ ಹಲ್ಲಿನ ಡಾಕ್ಟರಾಗಲು ಓದುತ್ತಿದ್ದವರು ಬಂದು ಮಕ್ಕಳನ್ನು ಸಾಲಾಗಿ ಕೂರಿಸಿ, ಬಾಯಿ ತೆರೆಸಿ, ಟಾರ್ಚ್ ಬಿಟ್ಟು ಬರೆದುಕೊಂಡರು. ಮತ್ತೊಂದು ವರ್ಷ ಒಬ್ಬ ಹೆಣ್ಣುಮಗಳು ಬಂದು ಮನೆಮನೆಗೆ ಹೋಗಿ ನೀರು ಯಾರು ತರುತ್ತಾರೆ, ಎಷ್ಟು ದೂರದಿಂದ ತರುತ್ತಾರೆ, ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿ ಬರೆದುಕೊಂಡಳು. ಅವಳಿಗೆ ತೆಲುಗು ಬರುತ್ತಿರಲಿಲ್ಲ, ನಮ್ಮ ಊರಿನ ಅರ್ಧ ಮನೆಗಳ ಮಾತು ತೆಲುಗು. ನಾನೇ ಪಕ್ಕದಲ್ಲಿ ಕೂತು ಹೇಳಿದೆ. ಒಳ್ಳೆಯ ಹುಡುಗಿ, ಹೋಗುವಾಗ ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಹೋದಳು.

ಈ ಮೂರು ತಂಡಗಳೂ ಮರಳಿ ಬರಲಿಲ್ಲ, ಒಂದು ಕಾಗದವೂ ಬರಲಿಲ್ಲ. ನಿವೃತ್ತನಾದ ಮೇಲೆ ಮಗ ಕೊಡಿಸಿದ ಮೊಬೈಲಿನಲ್ಲಿ ಒಂದು ರಾತ್ರಿ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆದು, ಪಾವಗಡ, ಫ್ಲೋರೈಡ್ ಎಂದು ಇಂಗ್ಲಿಷಿನಲ್ಲಿ ಹುಡುಕುತ್ತಾ ಹೋದೆ. ಒಂದು ಪ್ರಬಂಧದ ಹಿಂಬದಿಯ ಕೋಷ್ಟಕದಲ್ಲಿ ನಮ್ಮೂರಿನ ಹೆಸರು ಸಿಕ್ಕಿತು, ಒಂದಕ್ಷರ ತಪ್ಪಾಗಿ. ಅದರ ಕೆಳಗೆ ‘ಶಾಲೆ ಬೋರ್‌ವೆಲ್’ ಎಂದಿತ್ತು, ಅದರ ಎದುರಿಗೆ ಒಂದು ಅಂಕಿ. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ನಾನು ಆ ಬೋರಿನ ಸ್ವಿಚ್ ಹಾಕಿದ ದಿನದಿಂದ ಆ ರಾತ್ರಿಯವರೆಗೆ ಎಷ್ಟು ತಂಡದ ಮಕ್ಕಳು ಆ ನೀರು ಕುಡಿದು ಎಸ್ಸೆಸ್ಸೆಲ್ಸಿ ಮುಗಿಸಿದರು ಎಂದು ಲೆಕ್ಕ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂಕಿ ಗೊತ್ತಿದ್ದರೆ ಕನಿಷ್ಠ ಆ ಬೋರಿಗೆ ಬೀಗ ಹಾಕಿಸುತ್ತಿದ್ದೆ. ಸುವರ್ಣ ಜಲ ಯೋಜನೆಯಲ್ಲಿ ಕಟ್ಟಿಸಿದ್ದ ಮಳೆನೀರಿನ ತೊಟ್ಟಿ ಶಾಲೆಯ ಹಿಂದೆ ಖಾಲಿ ಬಿದ್ದಿತ್ತು. ಪೈಪು ಸರಿಮಾಡಿಸಿ ಅದನ್ನಾದರೂ ತುಂಬಿಸುತ್ತಿದ್ದೆ.

ಈ ನೀರಿನ ವಿಷಯ ನಿಮಗೆ ಗೊತ್ತಿರದ್ದಲ್ಲ. ಆದರೆ ಪತ್ರ ಬಹಿರಂಗವಾದ್ದರಿಂದ ಬೇರೆ ಓದುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ನಮ್ಮ ಕಡೆಯ ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ, ಬಂಡೆಯ ಸೀಳುಗಳಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಾದ ಕಡೆ ಬಂಡೆಯ ಫ್ಲೋರೈಡ್ ಸುಲಭವಾಗಿ ಕರಗಿ ಬರುತ್ತದೆ. ನಮ್ಮ ತಾತಂದಿರು ಕಲ್ಲುಬಾವಿಯ ನೀರು, ಕೆರೆಯ ನೀರು ಕುಡಿದವರು. ನಾವು ಸಾವಿರ ಅಡಿಗೂ ಮೀರಿ ಕೊರೆದು ಹಳೆಯ ನೀರು ಮೇಲಕ್ಕೆ ತಂದೆವು. ಭಾರತೀಯ ಮಾನಕ ಬ್ಯೂರೋ ಒಂದು ಲೀಟರಿಗೆ 1 ಮಿಲಿಗ್ರಾಂ ಇರಲಿ ಎನ್ನುತ್ತದೆ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ‘ಸಾರ್, ನಾವು ಕಾಯಿಸಿ ಆರಿಸಿ ಕುಡೀತೀವಿ’ ಎಂದು ಹೆಮ್ಮೆಯಿಂದ ಹೇಳುವ ತಾಯಂದಿರಿಗೆ ಇದನ್ನು ತಿಳಿಸುವಾಗ ನನಗೆ ಬಹಳ ಸಂಕಟವಾಗಿದೆ.

ಇದು ನಿನ್ನೆ ಮೊನ್ನೆ ಕಂಡ ಕಾಯಿಲೆಯೂ ಅಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು 1937ರಲ್ಲೇ ವರದಿ ಬರೆದಿದ್ದಾರೆ. ಅಲ್ಲಿಂದೀಚೆಗೆ ನಡೆದ ಸಂಶೋಧನೆಯನ್ನು ನಾನು ಕೈಲಾದಷ್ಟು ಓದಿದ್ದೇನೆ, ಇಂಗ್ಲಿಷ್ ಅರ್ಥವಾಗದ ಕಡೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಂಡು. ಓದಿದಷ್ಟೂ ನನಗೆ ಗೌರವವೇ ಹೆಚ್ಚಿದೆ.

ಮೊದಲು ಎಂಜಿನಿಯರುಗಳ ಕೆಲಸ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ) 1970ರ ದಶಕದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ರೂಪಿಸಿದರು. ಕಾನ್ಪುರದ ಐಐಟಿಯವರು ಯುನಿಸೆಫ್ ಜೊತೆ ಸೇರಿ, ಅಲ್ಯೂಮಿನಾ ಹರಳಿನ ಫಿಲ್ಟರುಗಳನ್ನು ಹಳ್ಳಿಯ ಮನೆಗಳಿಗೆ ಮುಟ್ಟಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೆಗ್ನೀಷಿಯಂ ಆಕ್ಸೈಡ್ ಪುಡಿ ಬಳಸುವ ವಿಧಾನ ಕಂಡುಹಿಡಿದರು. ಫ್ಲೋರೈಡ್ ಹೀರಿದ ಕೆಸರನ್ನು ಎಲ್ಲೆಂದರಲ್ಲಿ ಚೆಲ್ಲದೆ ಮಣ್ಣಿನ ಇಟ್ಟಿಗೆಯೊಳಗೆ ಸೇರಿಸಿ ಕಟ್ಟಿಹಾಕಬಹುದು ಎಂಬುದನ್ನೂ ತೋರಿಸಿದರು. ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು, ಹೊರಗೆ ತೆಗೆದ ವಿಷ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದವರು ಕಡಿಮೆ.

ಯಾಕೆಂದರೆ ಈಗ ನಮ್ಮೂರಿನಲ್ಲಿ ಇರುವುದು ಶುದ್ಧ ಕುಡಿಯುವ ನೀರಿನ ಘಟಕ, ಜನರ ಬಾಯಲ್ಲಿ ‘ಫಿಲ್ಟರ್’. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ನೀರು ಚೆನ್ನಾಗಿದೆ. ಆದರೆ ಅದರೊಳಗಿನ ಸೋಸುವ ಪೊರೆ, ಮೆಂಬರೇನ್, ಒಳ್ಳೆಯ ನೀರನ್ನು ಈಚೆ ಬಿಟ್ಟು, ಉಳಿದದ್ದನ್ನು ಇನ್ನೂ ಗಟ್ಟಿ ಮಾಡಿ ಹಿಂದಿನ ಪೈಪಿನಿಂದ ಬಿಡುತ್ತದೆ. ಆ ಪೈಪು ಚರಂಡಿಗೆ, ಚರಂಡಿ ಕುಂಟೆಗೆ, ಕುಂಟೆಯಲ್ಲಿ ಎಮ್ಮೆಗಳು. ಕುಂಟೆಯಿಂದ ನೂರು ಹೆಜ್ಜೆಯಲ್ಲಿ ಮತ್ತೊಂದು ಬೋರು.

ಇನ್ನು ನಿಮ್ಮ ಸಮಾಜ ವಿಜ್ಞಾನದ ವಿದ್ಯಾರ್ಥಿಗಳು ಮಾತ್ರ ಕಾಣಬಲ್ಲ ಒಂದು ವಿಷಯ. ಒಂದು ಬೆಳಗ್ಗೆ ನಮ್ಮ ಬೀದಿಯ ಅಡುಗೆಮನೆಯೊಂದರ ಬಾಗಿಲಲ್ಲಿ ಕೂತು ನೋಡಿ. ಮೂಲೆಯಲ್ಲಿ ನೀಲಿ ಕ್ಯಾನ್, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸ್ಟೀಲ್ ಲೋಟ. ಅದು ಕುಡಿಯುವ ನೀರು, ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಮುದ್ದೆಗೆ ಎಸರಿಡುವುದು ನಲ್ಲಿಯ ನೀರಿನಲ್ಲಿ, ಅಂದರೆ ಬೋರಿನ ನೀರಿನಲ್ಲಿ. ಬೇಳೆ ಬೇಯುವುದು, ಅನ್ನ ಆಗುವುದು, ಬೆಳಗಿನ ಟೀ ಕಾಯುವುದು ಎಲ್ಲ ಅದರಲ್ಲೇ. ಎಸರು ಕುದ್ದು ಇಂಗಿ ಹಿಟ್ಟಿನೊಳಗೆ ಸೇರಿಹೋಗುತ್ತದೆ, ಅದರೊಂದಿಗೆ ಫ್ಲೋರೈಡೂ. ಕ್ಯಾನಿನ ನೀರಿನಲ್ಲೇ ಅಡುಗೆ ಮಾಡಿ ಎನ್ನುವುದು ಸುಲಭ. ಐದು ಜನರ ಮನೆಗೆ ದಿನಕ್ಕೆ ಎರಡು ಕ್ಯಾನ್ ಬೇಕಾಗುತ್ತದೆ, ಹತ್ತು ರೂಪಾಯಿ, ತಿಂಗಳಿಗೆ ಮುನ್ನೂರು. ದುಡ್ಡಿಗಿಂತ ದೊಡ್ಡ ಕಷ್ಟ ಹೊತ್ತು ತರುವವರದು. ಗಂಡಸರ ಬೈಕ್ ಇರುವ ಮನೆಗೆ ಕ್ಯಾನ್ ಬೈಕಿನಲ್ಲಿ ಬರುತ್ತದೆ. ಇಲ್ಲದ ಮನೆಗೆ ಹೆಂಗಸಿನ ಸೊಂಟದ ಮೇಲೆ ಬರುತ್ತದೆ, ಆ ಸೊಂಟ ಆಗಲೇ ಹಿಡಿದುಕೊಂಡಿರುತ್ತದೆ. ಘಟಕ ಊರಿನ ಯಾವ ತುದಿಯಲ್ಲಿದೆ, ಕಾಲೋನಿ ಯಾವ ತುದಿಯಲ್ಲಿದೆ ಎಂಬುದನ್ನೂ ನೋಡಬೇಕು. ಎಂಜಿನಿಯರು ಬಂದು ಘಟಕದ ನೀರಿನಲ್ಲಿ ಫ್ಲೋರೈಡ್ ಅಳೆದು ‘ಸರಿಯಿದೆ’ ಎಂದು ಬರೆದುಕೊಂಡು ಹೋದರೆ ಅವರು ಅಳೆದದ್ದೂ ನಿಜ, ನಮ್ಮ ಮೈಯೊಳಗೆ ಹೋಗುತ್ತಿರುವುದೂ ನಿಜ.

ವೈದ್ಯರ ಕಡೆಯಿಂದ ಬಂದ ಸಂಶೋಧನೆ ನನಗೆ ಹೆಚ್ಚು ಧೈರ್ಯ ಕೊಟ್ಟಿದೆ. ಕಲೆಬಿದ್ದ ಹಲ್ಲು ಮೊದಲಿನ ಹಾಗಾಗುವುದಿಲ್ಲ, ಬೆಸೆದ ಬೆನ್ನುಮೂಳೆ ಬಿಡಿಸಿಕೊಳ್ಳುವುದಿಲ್ಲ, ಸರಿ. ಆದರೆ ದೆಹಲಿಯ ಏಮ್ಸ್‌ನಲ್ಲಿ ಬಹುಕಾಲ ಕೆಲಸ ಮಾಡಿದ ವಿಜ್ಞಾನಿ ಎ.ಕೆ. ಸುಶೀಲಾ ಅವರು ತೋರಿಸಿದ್ದೇನು? ಮೂಳೆಗೆ ಇಳಿಯುವ ಮೊದಲು ಕಾಣುವ ಹೊಟ್ಟೆನೋವು, ಸುಸ್ತು, ರಕ್ತಹೀನತೆಯಂಥ ತೊಂದರೆಗಳು ನೀರು ಮತ್ತು ಆಹಾರ ಬದಲಾದರೆ ಇಳಿಯುತ್ತವೆ ಎಂದು. ಗರ್ಭಿಣಿಯರಲ್ಲಿ ಫ್ಲೋರೈಡ್ ತಪ್ಪಿಸಿ ಪೌಷ್ಟಿಕ ಆಹಾರ ಕೊಟ್ಟಾಗ ಹಿಮೋಗ್ಲೋಬಿನ್ ಏರಿದ್ದನ್ನು, ಹುಟ್ಟುವ ಮಕ್ಕಳ ತೂಕ ಸುಧಾರಿಸಿದ್ದನ್ನು ಅವರ ತಂಡ 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದೆ. ಆ ಪತ್ರಿಕೆ ಅಚ್ಚಾಗುವುದು ನಮ್ಮ ಬೆಂಗಳೂರಿನಲ್ಲೇ. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ನಮ್ಮ ಬಸುರಿಯರಿಗೆ, ಅವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಮಾತು ಇನ್ನೂ ತಲುಪಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಒಂದು ಅಧ್ಯಯನ ಓದಿ ನಾನು ಎದ್ದು ಹೋಗಿ ಹೆಂಡತಿಗೆ ಹೇಳಿದೆ. ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಯಿತಂತೆ. ಇದು 2002ರಲ್ಲಿ ಪ್ರಕಟವಾದದ್ದು. ಇಪ್ಪತ್ತು ಜನಕ್ಕೂ ಕಡಿಮೆ ಹುಡುಗರ ಮೇಲೆ ಕೆಲವೇ ದಿನ ನಡೆದ ಸಣ್ಣ ಪ್ರಯೋಗ, ಹುಣಸೆ ತಿಂದರೆ ಫ್ಲೋರೋಸಿಸ್ ವಾಸಿಯಾಗುತ್ತದೆ ಎಂದು ಅದು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಪಾವಗಡ, ಮಧುಗಿರಿ ಕಡೆ ಹುಣಸೆ ಮರವಿಲ್ಲದ ಊರಿದೆಯೇ? ನಮ್ಮ ಮುದ್ದೆಯ ರಾಗಿಯಲ್ಲಿರುವಷ್ಟು ಕ್ಯಾಲ್ಸಿಯಂ ಬೇರೆ ಯಾವ ದಿನಬಳಕೆಯ ಧಾನ್ಯದಲ್ಲೂ ಇಲ್ಲ. ಮಧ್ಯಪ್ರದೇಶದ ಜಾಬುವಾದಲ್ಲಿ ಇನ್ರೆಮ್ ಎಂಬ ಸಂಸ್ಥೆಯವರು ಫ್ಲೋರೋಸಿಸ್ ಹಿಡಿದ ಮಕ್ಕಳಿಗೆ ಒಳ್ಳೆಯ ನೀರಿನ ಜೊತೆ ಹಾದಿಬದಿಯ ತಗಚೆ ಸೊಪ್ಪನ್ನು ತಿನ್ನಿಸುವ ಕೆಲಸ ಮಾಡಿದ್ದಾರೆ. ಆ ಸೊಪ್ಪು ನಮ್ಮ ಹೊಲದ ಬದುವಿನಲ್ಲೂ ಬೆಳೆಯುತ್ತದೆ. ರಾಗಿ, ಹುಣಸೆ, ತಗಚೆ ಮೂರೂ ಇರುವ ಈ ನೆಲದಲ್ಲಿ ಆ ಹಳೆಯ ಸಣ್ಣ ಪ್ರಯೋಗವನ್ನು ದೊಡ್ಡದಾಗಿ, ನೆಟ್ಟಗೆ, ಬಹಳ ದಿನ ಮಾಡಿ ನೋಡಲು ನಿಮ್ಮ ಒಬ್ಬ ವಿದ್ಯಾರ್ಥಿಗಾದರೂ ಮನಸ್ಸಾಗಬಾರದೇ?

ಇತ್ತೀಚಿನ ಎರಡು ಕೆಲಸಗಳನ್ನೂ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಈವಾಗ್ ಜಲಸಂಶೋಧನಾ ಸಂಸ್ಥೆಯವರು ಭಾರತದ ವಿಜ್ಞಾನಿಗಳ ಜೊತೆ ಸೇರಿ 2018ರಲ್ಲಿ ಇಡೀ ದೇಶದ ಅಂತರ್ಜಲದ ಫ್ಲೋರೈಡ್ ನಕ್ಷೆ ತಯಾರಿಸಿದರು. ಸುಮಾರು 12 ಕೋಟಿ ಜನ ಅಪಾಯದಲ್ಲಿದ್ದಾರೆ ಎಂಬ ಅಂದಾಜು ಅದರಲ್ಲಿದೆ. ಕಂಪ್ಯೂಟರಿಗೆ ಬಂಡೆ, ಮಣ್ಣು, ಮಳೆಯ ಮಾಹಿತಿ ಕೊಟ್ಟು, ಅಳೆಯದ ಕಡೆಯೂ ಎಷ್ಟಿರಬಹುದು ಎಂದು ಊಹಿಸುವ ಕೆಲಸ ಅದು. ಎರಡನೆಯದು ಮಕ್ಕಳ ಬುದ್ಧಿಶಕ್ತಿಗೆ ಸಂಬಂಧಿಸಿದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಐಕ್ಯೂ ಇಳಿಕೆಗೂ ನಂಟಿದೆ ಎಂದು ವಿಷವಸ್ತುಗಳ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2024ರ ಆಗಸ್ಟಿನ ವರದಿಯಲ್ಲಿ ಹೇಳಿತು, ಈ ತೀರ್ಮಾನದ ಮೇಲೆ ತನಗಿರುವ ವಿಶ್ವಾಸ ಮಧ್ಯಮ ಮಟ್ಟದ್ದು ಎಂದೂ ಸ್ಪಷ್ಟವಾಗಿ ಬರೆಯಿತು. ಅಲ್ಲಿನ ವಿಜ್ಞಾನಿಗಳೇ ಬರೆದು 2025ರ ಜನವರಿಯಲ್ಲಿ ಬಂದ ಲೇಖನ ಒಟ್ಟು 74 ಅಧ್ಯಯನಗಳನ್ನು ಜೋಡಿಸಿ ನೋಡಿದೆ, ಅವುಗಳಲ್ಲಿ 52 ಅಧ್ಯಯನಗಳ ಗುಣಮಟ್ಟ ಸಾಲದು ಎಂದು ಅದೇ ಗುರುತಿಸಿದೆ. ಅಮೆರಿಕದಲ್ಲಿ ಈಗ ನಡೆಯುತ್ತಿರುವ ಜಗಳ ಹಲ್ಲಿಗೆ ಒಳ್ಳೆಯದೆಂದು ನೀರಿಗೆ ಬೆರೆಸುವ ಲೀಟರಿಗೆ 0.7 ಮಿಲಿಗ್ರಾಂ ಬಗ್ಗೆ. ಅದರ ಬಗ್ಗೆ ಆಗಸ್ಟಿನ ಆ ವರದಿ ಏನನ್ನೂ ತೀರ್ಮಾನಿಸಿಲ್ಲ. 1.5 ದಾಟಿದ ನೀರನ್ನು ದಿನವೂ ಒಂದಲ್ಲ ಒಂದು ದಾರಿಯಲ್ಲಿ ಮೈಯೊಳಗೆ ಇಳಿಸಿಕೊಳ್ಳುವವರು ನಾವು. ಗಣಿತದಲ್ಲಿ ಹಿಂದೆ ಬಿದ್ದ ನನ್ನ ವಿದ್ಯಾರ್ಥಿಗಳ ಮುಖ ನೆನಪಾಗುತ್ತದೆ. ಅದಕ್ಕೆ ನೀರು ಕಾರಣವೋ, ಹಸಿವು ಕಾರಣವೋ, ನನ್ನ ಪಾಠವೇ ಸಾಲದಾಗಿತ್ತೋ, ಹೇಳುವವರು ಬೇಕು. ಒಳ್ಳೆಯ ಅಧ್ಯಯನ ಕಡಿಮೆ ಎಂದು ಜಗತ್ತೇ ಹೇಳುತ್ತಿರುವಾಗ ಅದನ್ನು ಮಾಡಬೇಕಾದ ಜಾಗ ಯಾವುದು? ಬೆಂಗಳೂರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ಹಾದಿ.

ಈಗ ನಿಮ್ಮ ಮೂವರಿಗೆ ಯಾಕೆ ಬರೆದೆ ಎಂಬುದಕ್ಕೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯಕ್ಕೆ ಸೇರಿದವು. ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು 1996ರಲ್ಲಿ ಆರಂಭವಾದ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ ವಿಭಾಗಗಳು ನಮ್ಮ ಜಿಲ್ಲೆಯ ಮಟ್ಟಿಗೆ 2004ರ ತುಮಕೂರು ವಿಶ್ವವಿದ್ಯಾಲಯಕ್ಕೆ. ಹಿಂದೆ ಒಂದೇ ವಿಶ್ವವಿದ್ಯಾಲಯದ ಕೆಳಗಿದ್ದ ವಿದ್ಯೆಗಳನ್ನು ಆಡಳಿತದ ಅನುಕೂಲಕ್ಕೆಂದು ಬೇರೆ ಮಾಡಲಾಯಿತು. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಲ್ಲ. ಆದರೆ ಅದರಿಂದ ನಮಗಾದದ್ದು ಇಷ್ಟು: ನೀರು ಅಳೆಯುವವರು, ಮೂಳೆ ನೋಡುವವರು, ಮನೆಯ ಕಥೆ ಕೇಳುವವರು ಒಂದೇ ಕ್ಯಾಂಟೀನಿನಲ್ಲಿ ಕೂತು ಟೀ ಕುಡಿಯುವ ಸಂದರ್ಭವೇ ಇಲ್ಲ. ಅವರು ಪರಸ್ಪರ ಎದುರಾಗಬಹುದಾದ ಜಾಗವೆಂದರೆ ನಮ್ಮ ಊರಿನ ಅರಳಿಕಟ್ಟೆ, ಅಲ್ಲಿಗೂ ಬೇರೆ ಬೇರೆ ವರ್ಷ ಬರುತ್ತಾರೆ.

ಬರಲು ಹೊಸ ಆದೇಶವೇನೂ ಬೇಕಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ಕುಟುಂಬ ದತ್ತು ಕಾರ್ಯಕ್ರಮದಂತೆ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಹೇಳಿದ ಚಟುವಟಿಕೆ ಅಂಕಗಳಿಗಾಗಿ ಸಮಾಜದ ನಡುವೆ ಕೆಲಸ ಮಾಡಬೇಕು. ಅವರ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ನೆರವು ಕೊಡುತ್ತಾ ಬಂದಿದೆ. ಪದವಿ ವಿದ್ಯಾರ್ಥಿಗಳಿಗೆ ಎನ್ನೆಸ್ಸೆಸ್ ಶಿಬಿರವಿದೆ, ಏಳು ದಿನ ಊರಲ್ಲೇ ಇರುತ್ತಾರೆ. ಈ ಮೂರನ್ನೂ ಒಂದೇ ತಾಲ್ಲೂಕಿಗೆ, ಒಂದೇ ಊರುಗಳ ಪಟ್ಟಿಗೆ, ಒಂದೇ ವಾರಕ್ಕೆ ತಿರುಗಿಸಲು ನಿಮ್ಮ ಮೂರು ಸಹಿ ಸಾಕು.

ಯಾಕಿಷ್ಟು ಅವಸರ ಎಂದರೆ, ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ ನಮ್ಮ ಕಾಲದಲ್ಲೇ ಕೈಗೂಡುತ್ತಿದೆ. ನಮ್ಮೂರ ಓವರ್‌ಹೆಡ್ ಟ್ಯಾಂಕಿಗೆ ಹೊಸ ಪೈಪು ಜೋಡಿಸಿದ್ದಾರೆ, ನೀರು ಇನ್ನೂ ಬರಬೇಕು. ಈ ದಿನಕ್ಕಾಗಿ ಕಾದು ಸತ್ತವರನ್ನು ನಾನು ಬಲ್ಲೆ. ಸಂಶೋಧನೆಯ ಕಣ್ಣಿನಿಂದ ನೋಡಿದರೆ ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲ. ಒಂದು ಇಡೀ ತಾಲ್ಲೂಕಿನ ನೀರು ಬದಲಾಗುತ್ತಿದೆ, ಆದರೆ ಎಲ್ಲ ಊರಿಗೂ ಒಂದೇ ದಿನ ಅಲ್ಲ. ನೀರು ಬರುವ ಮುಂಚಿನ ಲೆಕ್ಕ ಯಾರ ಬಳಿಯಾದರೂ ಇದ್ದರೆ ಮಾತ್ರ ಬಂದ ಮೇಲೆ ಏನಾಯಿತು ಎಂದು ಹೇಳಲು ಸಾಧ್ಯ. ಪೈಪಿನಲ್ಲಿ ನದಿ ನೀರು ಬಂದ ಮರುದಿನ ನಮ್ಮ ಹಳೆಯ ಮೂತ್ರದ ಮಾದರಿ ಎಲ್ಲಿಂದ ತರುತ್ತೀರಿ?

ನದಿ ನೀರು ಬಂದರೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. ಕರೆಂಟು ಹೋದ ದಿನ, ಪೈಪು ಒಡೆದ ವಾರ ನೀರುಗಂಟಿ ಏನು ಮಾಡುತ್ತಾನೆ? ಜನ ಬಂದು ಬೈಯುವ ಮೊದಲು ಅದೇ ಟ್ಯಾಂಕಿಗೆ ಬೋರಿನ ನೀರು ಬಿಡುತ್ತಾನೆ. ಅವನನ್ನು ದೂರಲಾರೆ. ಆದ್ದರಿಂದ ನೀರನ್ನು ಅಳೆಯಬೇಕಾದದ್ದು ಶುದ್ಧೀಕರಣ ಘಟಕದ ಬಾಗಿಲಲ್ಲಲ್ಲ, ಕಾಲೋನಿಯ ಕೊನೆಯ ಮನೆಯ ನಲ್ಲಿಯಲ್ಲಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ಇನ್ನು ಮೈಯೊಳಗಿನ ಫ್ಲೋರೈಡ್ ನೀರು ಬದಲಾದ ಕೂಡಲೇ ಮಾಯವಾಗುವುದಿಲ್ಲ, ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿದು ಮೂತ್ರದಲ್ಲಿ ಹೋಗುತ್ತಿರುತ್ತದೆ. ಕಿಡ್ನಿ ತೊಂದರೆ ಇರುವವರಲ್ಲಿ ಅದು ಹೊರಹೋಗುವುದು ಕಷ್ಟ. ನಮ್ಮಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರು ಎಷ್ಟಿದ್ದಾರೆ ಎಂದು ನಿಮ್ಮ ವೈದ್ಯ ವಿದ್ಯಾರ್ಥಿಗಳೇ ಬಂದು ಎಣಿಸಲಿ.

ಇದಕ್ಕೆಲ್ಲ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಸಾಲುವುದಿಲ್ಲ. ಅವರ ಮೇಲೆ ಈ ಹೊರೆ ಹಾಕುವುದೂ ನ್ಯಾಯವಲ್ಲ. ಮೇಲಿನ ಮುಂಭಾಗದ ಕಾಯಂ ಹಲ್ಲಿನ ಕವಚ ಮಗುವಿನ ವಸಡಿನೊಳಗೆ ಹುಟ್ಟಿದ ಮೊದಲ ನಾಲ್ಕೈದು ವರ್ಷಗಳಲ್ಲೇ ರೂಪುಗೊಳ್ಳುತ್ತದೆ, ಆ ಹಲ್ಲು ಹೊರಗೆ ಕಾಣುವುದು ಏಳೆಂಟನೆಯ ವರ್ಷದಲ್ಲಿ. ಅಂದರೆ ಈ ವರ್ಷ ನಮ್ಮೂರಿನಲ್ಲಿ ಹುಟ್ಟಿದ ಕೂಸು ಎಂಥ ನೀರು ಕುಡಿಯಿತು ಎಂಬುದಕ್ಕೆ ಅದರ ಹಲ್ಲು ಉತ್ತರ ಕೊಡುವುದು ಮೂರನೇ ತರಗತಿಗೆ ಬರುವ ಹೊತ್ತಿಗೆ. ಮೂರು ವರ್ಷದ ಪ್ರಾಜೆಕ್ಟು, ಐದು ವರ್ಷದ ಪಿಎಚ್‌ಡಿ ಎರಡೂ ಅಷ್ಟರಲ್ಲಿ ಮುಗಿದಿರುತ್ತವೆ, ಹುಡುಗರು ಕೆಲಸ ಹಿಡಿದು ಹೋಗಿರುತ್ತಾರೆ. ಏಳೆಂಟು ವರ್ಷ ಕಾಯುವ ತಾಳ್ಮೆ, ರಿಜಿಸ್ಟರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ವ್ಯವಸ್ಥೆ ಇರುವುದು ವಿಶ್ವವಿದ್ಯಾಲಯಕ್ಕೆ ಮಾತ್ರ. ಅದಕ್ಕೇ ನಾನು ಪ್ರಾಧ್ಯಾಪಕರಿಗೆ ಬರೆಯದೆ ಕುಲಪತಿಗಳಿಗೆ ಬರೆದದ್ದು.

ನಮ್ಮ ಕಡೆ ತೆಲುಗಿನಲ್ಲಿ ಫ್ಲೋರೈಡಿನಿಂದ ಕಲೆಬಿದ್ದ ಹಲ್ಲಿಗೆ ‘ಗಾರ ಪಳ್ಳು’ ಎನ್ನುತ್ತಾರೆ. ಎಂಟನೇ ತರಗತಿಗೆ ಬಂದ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮೂವತ್ತೊಂದು ವರ್ಷವೂ ನೋಡಿದ್ದೇನೆ. ಮೊದಲ ವರ್ಷಗಳಲ್ಲಿ ಅದು ನಾಚಿಕೆ ಎಂದುಕೊಂಡಿದ್ದೆ. ಗುಂಪು ಫೋಟೋದಲ್ಲಿ ಒಬ್ಬಳೂ ಹಲ್ಲು ಬಿಡುವುದಿಲ್ಲ. ಹೆಣ್ಣು ನೋಡಲು ಬಂದವರು ‘ಯಾವೂರು’ ಎಂದು ಕೇಳಿ, ಊರಿನ ಹೆಸರು ಕೇಳಿದ ಮೇಲೆ ‘ಒಂದ್ಸಲ ನಗಮ್ಮ’ ಎಂದದ್ದು ನನ್ನ ಎದುರಿಗೇ ನಡೆದಿದೆ. ಇದನ್ನು ಯಾವ ಕೋಷ್ಟಕದಲ್ಲಿ ಬರೆಯುತ್ತಾರೋ ನನಗೆ ಗೊತ್ತಿಲ್ಲ, ಆದರೆ ಬರೆಯಬೇಕು.

ನಾನು ಕೇಳುತ್ತಿರುವುದು ಬಹಳವಲ್ಲ. ನೀವು ಮೂವರೂ ಸೇರಿ ಪಾವಗಡ ತಾಲ್ಲೂಕಿನ ಒಂದಷ್ಟು ಊರುಗಳನ್ನು ಆರಿಸಿಕೊಳ್ಳಿ. ನದಿ ನೀರು ಬಂದ ಊರು, ಬರಬೇಕಾದ ಊರು, ಎರಡೂ ಇರಲಿ. ಮೊದಲ ಭೇಟಿಗೆ ಮೂರು ಕಡೆಯವರೂ ಒಟ್ಟಿಗೆ ಬರಲಿ. ಒಪ್ಪಿಗೆ ಪತ್ರ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ, ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಲಿ. ಪರೀಕ್ಷೆಯ ಫಲ ಬಂದ ಮೂರು ತಿಂಗಳೊಳಗೆ ಅದನ್ನು ಗ್ರಾಮಸಭೆಯಲ್ಲಿ ಓದಲಿ. ಯಾವ ಬೋರಿನಲ್ಲಿ ಎಷ್ಟು ಎಂಬ ಅಂಕಿಯನ್ನು ಆ ಬೋರಿನ ಪಕ್ಕದ ಮಿನಿ ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಯಲಿ. ಕುಡಿಯಲು ಆಗದ ನೀರಾದರೆ ಕೆಂಪು ಬಣ್ಣ ಸಾಕು, ಓದು ಬಾರದವರಿಗೂ ಅರ್ಥವಾಗುತ್ತದೆ. ಮನುಷ್ಯರ ಪರೀಕ್ಷೆಯ ಫಲವನ್ನು ಮಾತ್ರ ಅವರವರ ಕೈಗೇ ಕೊಡಿ, ಗೋಡೆಗೆ ಬೇಡ. ಇನ್ನೊಂದು, ನಮ್ಮ ರಾಜ್ಯದ ಜನರ ಮೈ, ನೀರು, ಮಾತು ತೆಗೆದುಕೊಂಡು ಬರೆದ ಪ್ರತಿ ಪಿಎಚ್‌ಡಿ ಪ್ರಬಂಧದ ಜೊತೆ ಎರಡು ಪುಟದ ಕನ್ನಡ ಸಾರಾಂಶ ಆ ಗ್ರಾಮ ಪಂಚಾಯಿತಿಗೆ ಮುಟ್ಟಿತು ಎಂಬ ರಸೀದಿ ಇಲ್ಲದೆ ಪದವಿ ಕೊಡಬೇಡಿ. ಎರಡು ಪುಟ ಸಾಕು. ಐದು ವರ್ಷ ದುಡಿದವರಿಗೆ ಎರಡು ಪುಟ ಹೊರೆಯಾಗುವುದಿಲ್ಲ.

ಊರಿನ ಕಡೆಯಿಂದ ನಾವು ಏನು ಮಾಡಬಲ್ಲೆವು ಎಂಬುದನ್ನೂ ಹೇಳುತ್ತೇನೆ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟು ಐದು ಜನ ಹೆಂಗಸರಿಗೆ ತರಬೇತಿ ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿನಿಯರು. ಫ್ಲೋರೈಡ್ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಹಳದಿಗೆ ತಿರುಗುವುದನ್ನು ನೋಡಿ ಬರೆದಿಡಲು ಬಲ್ಲರು. ಆ ಕಿಟ್ ಅಂದಾಜು ಹೇಳುತ್ತದೆಯೇ ಹೊರತು ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ, ಅದಕ್ಕೇ ನಿಮ್ಮ ಹುಡುಗರು ಬೇಕು. ಹುಟ್ಟಿದ ಮಕ್ಕಳ ಪಟ್ಟಿ ಅಂಗನವಾಡಿಯಲ್ಲಿದೆ. ಉಳಿದುಕೊಳ್ಳಲು ಶಾಲೆಯ ಎರಡು ಕೋಣೆ ಬಿಡಿಸಿಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಊಟ ನಮ್ಮ ಮನೆಗಳಲ್ಲಿ. ತೆಲುಗು ಬಾರದವರ ಪಕ್ಕದಲ್ಲಿ ಕೂತು ಹೇಳಲು ನಾನಿದ್ದೇನೆ, ನನ್ನ ನಂತರಕ್ಕೆಂದು ಇಬ್ಬರು ಹುಡುಗಿಯರಿಗೆ ಈಗಲೇ ಕಲಿಸುತ್ತಿದ್ದೇನೆ.

ಒಂದು ದಪ್ಪ ನೋಟ್‌ಬುಕ್ಕಿಗೆ ಕೆಂಪು ರಟ್ಟು ಹಾಕಿಸಿದ್ದೇನೆ. ಮೊದಲ ಪುಟದಲ್ಲಿ ಊರಿನ ಹನ್ನೊಂದು ಬೋರುಗಳ ಪಟ್ಟಿ, ಎರಡನೆಯದರಲ್ಲಿ ಈ ವರ್ಷ ಹುಟ್ಟಿದ ಮಕ್ಕಳ ಹೆಸರು ಬರೆದಿದ್ದೇನೆ, ಪ್ರತಿ ಹೆಸರಿನ ಮುಂದೆ ಎಂಟು ಖಾನೆ, ವರ್ಷಕ್ಕೊಂದರಂತೆ. ಚಿಕ್ಕಮ್ಮನ ಹೆಸರು ಮೂರನೇ ಪುಟದಲ್ಲಿದೆ. ಅವರ ಮುಂದಿನ ಮೊದಲ ಖಾನೆಯಲ್ಲಿ ನಾನೇ ಬರೆದಿದ್ದೇನೆ: ನಾಣ್ಯ ಎತ್ತಲು ಆಗಲಿಲ್ಲ. ಎಕ್ಸ್‌ರೇ, ಮೂತ್ರ ಪರೀಕ್ಷೆಯ ಖಾನೆಗಳನ್ನು ನಿಮ್ಮ ವಿದ್ಯಾರ್ಥಿಗಳಿಗಾಗಿ ಖಾಲಿ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ